ಚಳಿಗಾಲದಲ್ಲಿ ಎಲೆಕ್ಟ್ರಿಕ್ ಕಾರು: ಬಿಸಿಯ ಲೆಕ್ಕ ತಿಳಿದರೆ ರೇಂಜ್ ಉಳಿಯುತ್ತದೆ

ಬೇಸಿಗೆಯಲ್ಲಿ ಒಂದು ಚಾರ್ಜ್‌ಗೆ 400 ಕಿಲೋಮೀಟರ್ ಓಡುತ್ತಿದ್ದ ಕಾರು ಕೊರೆಯುವ ಚಳಿಯಲ್ಲಿ 280ಕ್ಕೇ ಸುಸ್ತಾದರೆ ಯಾರಿಗಾದರೂ ಮೊದಲು ಬರುವ ಅನುಮಾನ, ಬ್ಯಾಟರಿ ಹೋಯಿತೇನೋ ಎಂಬುದು. ಹೋಗಿರುವುದಿಲ್ಲ. ಬಿಸಿಲು ಏರಿದ ಮೇಲೆ ಅದೇ ಬ್ಯಾಟರಿ ಮತ್ತೆ ಹಳೆಯ ದೂರ ಓಡಿಸುತ್ತದೆ. ಚಳಿಯಲ್ಲಿ ಕಳೆದುಹೋಗುವ ಕಿಲೋಮೀಟರ್‌ಗಳಲ್ಲಿ ದೊಡ್ಡ ಪಾಲು ಚಕ್ರಕ್ಕೆ ಹೋಗುವುದೇ ಇಲ್ಲ, ಒಳಗೆ ಕುಳಿತವರನ್ನೂ ಬ್ಯಾಟರಿಯನ್ನೂ ಬೆಚ್ಚಗಿಡಲು ಹೋಗುತ್ತದೆ.

ಅಮೆರಿಕದ ವಾಹನ ಮಾಲೀಕರ ಸಂಘಟನೆ ಎಎಎ 2019ರಲ್ಲಿ ಐದು ಎಲೆಕ್ಟ್ರಿಕ್ ಕಾರುಗಳನ್ನು ಸುಮಾರು ಮೈನಸ್ 7 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ಪರೀಕ್ಷಿಸಿತ್ತು. ಹೀಟರ್ ಹಾಕದೆ ಓಡಿಸಿದಾಗ ರೇಂಜ್, ಅಂದರೆ ಒಂದು ಚಾರ್ಜ್‌ಗೆ ಓಡುವ ದೂರ, ಸರಾಸರಿ ಶೇ 12ರಷ್ಟು ಇಳಿಯಿತು. ಹೀಟರ್ ಹಾಕಿದಾಗ ಶೇ 41ರಷ್ಟು. ಕಡಿಮೆ ಕರೆಂಟಿನಲ್ಲಿ ಬೆಚ್ಚಗಾಗಿಸುವ ಹೀಟ್ ಪಂಪ್ ಇರುವ ಈಗಿನ ಕಾರುಗಳಲ್ಲಿ ಸಾಮಾನ್ಯವಾಗಿ ಇಷ್ಟು ದೊಡ್ಡ ಅಂತರ ಕಾಣುವುದಿಲ್ಲ. ಆದರೂ ಎಲ್ಲಿ ಉಳಿಸಬೇಕು ಎಂಬುದನ್ನು ಈ ಎರಡು ಅಂಕಿಗಳು ತೋರಿಸುತ್ತವೆ. ಪೆಟ್ರೋಲ್ ಎಂಜಿನ್ ಇಂಧನದ ಅರ್ಧಕ್ಕಿಂತ ಹೆಚ್ಚಿನ ಶಕ್ತಿಯನ್ನು ಬಿಸಿಯಾಗಿ ಹಾಳುಮಾಡುತ್ತದೆ. ಆ ಹಾಳಾಗುವ ಬಿಸಿಯೇ ಅಲ್ಲಿ ಪುಕ್ಕಟೆ ಹೀಟರ್. ಎಲೆಕ್ಟ್ರಿಕ್ ಮೋಟಾರು ಅಷ್ಟು ಪೋಲು ಮಾಡುವುದಿಲ್ಲ. ಹಾಗಾಗಿ ಬೆಚ್ಚಗಾಗಬೇಕೆಂದರೆ ಬ್ಯಾಟರಿಯಿಂದಲೇ ಕರೆಂಟ್ ತೆಗೆಯಬೇಕು.

ಕೆಳಗಿನ ಹಂತಗಳೆಲ್ಲ ಸುತ್ತುವುದು ಇದರ ಸುತ್ತವೇ: ಸಾಧ್ಯವಾದಷ್ಟು ಬಿಸಿಯನ್ನು ಗೋಡೆಯ ಪ್ಲಗ್‌ನಿಂದ ಪಡೆಯಿರಿ, ಬ್ಯಾಟರಿಯಿಂದ ತೆಗೆಯಲೇಬೇಕಾದ ಬಿಸಿಯನ್ನು ಹೊರಗೆ ಬಿಟ್ಟುಕೊಡಬೇಡಿ.

ಹಂತ 1: ನಿಮ್ಮ ಕಾರಿನಲ್ಲಿ ಏನೇನಿದೆ ನೋಡಿ

ಚಳಿ ಶುರುವಾಗುವ ಮೊದಲೇ ಕಾರಿನ ಕೈಪಿಡಿ ತೆರೆದು ಮೂರು ವಿಷಯ ಹುಡುಕಿ.

ಮೊದಲನೆಯದು, ಹೀಟರ್ ಯಾವ ಬಗೆಯದು? ಸಾಮಾನ್ಯ ಹೀಟರ್ ಒಂದು ಯೂನಿಟ್ ಕರೆಂಟ್ ತಿಂದು ಒಂದು ಯೂನಿಟ್‌ನಷ್ಟೇ ಬಿಸಿ ಕೊಡುತ್ತದೆ. ಹೀಟ್ ಪಂಪ್ ಬಿಸಿಯನ್ನು ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಲ್ಲಿರುವ ಬಿಸಿಯನ್ನು ಹೀರಿ ಒಳಗೆ ತರುತ್ತದೆ. ಫ್ರಿಜ್ ಮಾಡುವ ಕೆಲಸವೇ, ದಿಕ್ಕು ಮಾತ್ರ ತಿರುಗಿದೆ. ಹೊರಗೆ ಸಾಧಾರಣ ಚಳಿ ಇದ್ದಾಗ ಅದು ಒಂದು ಯೂನಿಟ್‌ಗೆ ಎರಡರಿಂದ ಮೂರು ಯೂನಿಟ್‌ನಷ್ಟು ಬಿಸಿ ಕೊಡಬಲ್ಲದು. ಮೈನಸ್ 15 ಡಿಗ್ರಿಗಿಂತ ಕೆಳಗಿಳಿದರೆ ಈ ಲಾಭ ಬಹಳಷ್ಟು ಕರಗುತ್ತದೆ. ಒಂದೇ ಕಂಪನಿಯ ಎಲ್ಲ ಕಾರುಗಳಲ್ಲೂ ಇದು ಇರಬೇಕೆಂದಿಲ್ಲ. ಟೆಸ್ಲಾ ಮಾಡೆಲ್ ವೈ 2020ರಲ್ಲಿ ಮಾರುಕಟ್ಟೆಗೆ ಬರುವಾಗಲೇ ಹೀಟ್ ಪಂಪ್ ಇತ್ತು, ಅದಕ್ಕೂ ಮೊದಲಿನ ಮಾಡೆಲ್ 3 ಕಾರುಗಳಲ್ಲಿ ಇರಲಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮಾಡೆಲ್ ಹೆಸರಿನ ಜತೆ ವರ್ಷವನ್ನೂ ನೋಡಬೇಕು. ಕೆಲವು ಕಾರುಗಳಲ್ಲಿ ಹೀಟ್ ಪಂಪ್ ಹೆಚ್ಚುವರಿ ಹಣ ಕೊಟ್ಟು ಹಾಕಿಸಿಕೊಳ್ಳುವ ಸೌಲಭ್ಯ. ಚಳಿ ಪ್ರದೇಶದಲ್ಲಿರುವವರು ಸನ್‌ರೂಫ್ ಬಿಟ್ಟಾದರೂ ಅದನ್ನು ಹಾಕಿಸಿಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಎರಡನೆಯದು, ಬ್ಯಾಟರಿಯ ರಸಾಯನ. ಎಲ್‌ಎಫ್‌ಪಿ (ಲಿಥಿಯಂ, ಕಬ್ಬಿಣ, ಫಾಸ್ಫೇಟ್) ಬ್ಯಾಟರಿ ಬಾಳಿಕೆಯಲ್ಲಿ ಗಟ್ಟಿ, ಚಳಿಯಲ್ಲಿ ಮಾತ್ರ ಎನ್‌ಎಂಸಿ (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್) ಬ್ಯಾಟರಿಗಿಂತ ಬೇಗ ಮಂಕಾಗುತ್ತದೆ, ಚಾರ್ಜ್ ಆಗುವುದೂ ನಿಧಾನ. ಅದರ ವೋಲ್ಟೇಜ್ ಹೆಚ್ಚೂಕಡಿಮೆ ಒಂದೇ ಮಟ್ಟದಲ್ಲಿರುವುದರಿಂದ ಎಷ್ಟು ಚಾರ್ಜ್ ಉಳಿದಿದೆ ಎಂದು ಅಳೆಯಲು ಕಾರಿಗೇ ಕಷ್ಟ. ಅದಕ್ಕೇ ಆಗಾಗ ಶೇ 100ರವರೆಗೆ ಚಾರ್ಜ್ ಮಾಡಿ ಎಂದು ಹಲವು ತಯಾರಕರು ಹೇಳುವುದು. ಚಳಿಗಾಲದಲ್ಲಿ ಈ ಸೂಚನೆಯನ್ನು ತಪ್ಪಿಸಬೇಡಿ. ಶೇ 12 ಎಂದು ತೋರಿಸುತ್ತಿದ್ದದ್ದು ನೋಡನೋಡುತ್ತ ಶೇ 5ಕ್ಕೆ ಜಾರುವಂಥ ಪ್ರಸಂಗಗಳು ಇದರಿಂದ ಕಡಿಮೆಯಾಗುತ್ತವೆ.

ಮೂರನೆಯದು, ಪ್ರಿಕಂಡೀಷನಿಂಗ್, ಅಂದರೆ ಹೊರಡುವ ಮೊದಲೇ ಬೆಚ್ಚಗಾಗಿಸುವ ಸೌಲಭ್ಯ. ಅದು ಕ್ಯಾಬಿನ್ನನ್ನು ಮಾತ್ರ ಬಿಸಿಮಾಡುತ್ತದೋ, ಬ್ಯಾಟರಿಯನ್ನೂ ಮಾಡುತ್ತದೋ ಎಂಬುದನ್ನು ಖಚಿತಪಡಿಸಿಕೊಳ್ಳಿ. ಎರಡೂ ಬೇರೆ ಬೇರೆ, ಮೆನುವಿನಲ್ಲಿ ಒಂದೇ ಹೆಸರಿನಡಿ ಅಡಗಿರುವುದೂ ಉಂಟು.

ಹಂತ 2: ಹಿಂದಿನ ರಾತ್ರಿ ಚಾರ್ಜಿಂಗ್ ಸಮಯ ಹೊಂದಿಸಿ

ಬ್ಯಾಟರಿ ನೂರಾರು ಕಿಲೋ ತೂಗುತ್ತದೆ. ಅಷ್ಟು ಭಾರದ ವಸ್ತು ಬೇಗ ಬಿಸಿಯೂ ಆಗದು, ಬೇಗ ತಣ್ಣಗೂ ಆಗದು. ಈ ಗುಣವನ್ನು ನಮ್ಮ ಅನುಕೂಲಕ್ಕೆ ಬಳಸಿಕೊಳ್ಳಬಹುದು.

ಮನೆಯಲ್ಲಿ ಚಾರ್ಜರ್ ಇದ್ದವರು, ಹೊರಡುವ ಹೊತ್ತಿಗೆ ಸ್ವಲ್ಪ ಮುಂಚೆ ಚಾರ್ಜ್ ಮುಗಿಯುವಂತೆ ಟೈಮರ್ ಇಡಬೇಕು. ಚಾರ್ಜ್ ಆಗುವಾಗ ಬ್ಯಾಟರಿ ತಾನಾಗಿಯೇ ತುಸು ಬೆಚ್ಚಗಾಗುತ್ತದೆ. ರಾತ್ರಿ ಹತ್ತಕ್ಕೇ ಚಾರ್ಜ್ ಮುಗಿದರೆ ಬೆಳಗಿನವರೆಗೆ ಆ ಬಿಸಿ ಆರಿಹೋಗುತ್ತದೆ. ಬೆಳಗ್ಗೆ ಆರಕ್ಕೆ ಮುಗಿದರೆ ಆರೂವರೆಗೆ ಹೊರಡುವವರಿಗೆ ಸಿಗುತ್ತದೆ. ಹೆಚ್ಚಿನ ಕಾರುಗಳಲ್ಲಿ ಚಾರ್ಜಿಂಗ್ ಶುರುವಾಗುವ ಸಮಯದ ಬದಲು ಹೊರಡುವ ಸಮಯವನ್ನೇ ಕೊಡಬಹುದು. ಉಳಿದ ಲೆಕ್ಕ ಕಾರಿನದು.

ಮನೆಯಲ್ಲಿ ಪ್ಲಗ್ ಇಲ್ಲದೆ ಹೊರಗಿನ ಚಾರ್ಜರ್ ನಂಬಿದವರಿಗೆ ಈ ಸಲಹೆ ತಿರುಗುಮುರುಗು. ಸಂಜೆ ಓಡಿಸಿ ಬಂದ ಕೂಡಲೇ, ಬ್ಯಾಟರಿ ಇನ್ನೂ ಬೆಚ್ಚಗಿರುವಾಗ ಚಾರ್ಜ್ ಮಾಡಿ ಮುಗಿಸಿ. ರಾತ್ರಿಯಿಡೀ ಹೊರಗೆ ನಿಂತು ಮರಗಟ್ಟಿದ ಬ್ಯಾಟರಿಯನ್ನು ಬೆಳಗ್ಗೆ ಚಾರ್ಜರ್‌ಗೆ ಒಯ್ದರೆ ಹೊತ್ತೂ ದಂಡ, ಚಾರ್ಜಿಂಗ್ ಶುಲ್ಕ ನಿಮಿಷದ ಲೆಕ್ಕದಲ್ಲಿದ್ದರೆ ದುಡ್ಡೂ ದಂಡ. ಮನೆಯ ಸಾದಾ ಸಾಕೆಟ್‌ನಲ್ಲಿ ಚಾರ್ಜ್ ಮಾಡುವವರಿಗೂ ಇದೇ ಮಾತು. ಕಡುಚಳಿಯಲ್ಲಿ ಆ ಸಣ್ಣ ಕರೆಂಟಿನ ದೊಡ್ಡ ಪಾಲು ಬ್ಯಾಟರಿಯನ್ನು ಬಿಸಿಮಾಡಲಿಕ್ಕೇ ಖರ್ಚಾಗಿ, ಚಾರ್ಜ್ ಏರುವುದು ಆಮೆನಡಿಗೆಯಾಗುತ್ತದೆ.

ಗ್ಯಾರೇಜ್ ಇದ್ದರೆ ಒಳಗೆ ನಿಲ್ಲಿಸಿ. ಅಲ್ಲಿ ಹೀಟರ್ ಇಲ್ಲದಿದ್ದರೂ ಬಯಲಿಗಿಂತ ಕೆಲವು ಡಿಗ್ರಿ ಬೆಚ್ಚಗಿರುತ್ತದೆ, ಗಾಜಿನ ಮೇಲೆ ಮಂಜು ಹೆಪ್ಪುಗಟ್ಟುವುದಿಲ್ಲ.

ಹಂತ 3: ಪ್ಲಗ್ ತೆಗೆಯುವ ಮೊದಲೇ ಬಿಸಿ ಮಾಡಿ

ಇಡೀ ಲೇಖನದಲ್ಲಿ ಒಂದೇ ಹಂತ ಪಾಲಿಸುವ ವ್ಯವಧಾನ ಇದ್ದವರು ಇದೊಂದನ್ನು ಪಾಲಿಸಿ.

ತಣ್ಣಗಿರುವ ಕ್ಯಾಬಿನ್ ಬಿಸಿಯಾಗುವ ಮೊದಲ ಕಾಲು ಗಂಟೆಯಲ್ಲಿ ಹೀಟರ್ ಐದಾರು ಕಿಲೋವ್ಯಾಟ್ ಎಳೆಯುವುದು ಸಾಮಾನ್ಯ. 6 ಕಿಲೋವ್ಯಾಟ್ ಹೀಟರ್ ಕಾಲು ಗಂಟೆ ಉರಿದರೆ ಒಂದೂವರೆ ಯೂನಿಟ್. 100 ಕಿಲೋಮೀಟರಿಗೆ 16 ಯೂನಿಟ್ ಬಳಸುವ ಕಾರಿಗೆ ಅದು ಸುಮಾರು 9 ಕಿಲೋಮೀಟರ್ ದಾರಿ. ಬ್ಯಾಟರಿಯನ್ನು ಬೆಚ್ಚಗಾಗಿಸುವ ಖರ್ಚು ಇದರ ಮೇಲೆ. ಕಾರು ಪ್ಲಗ್‌ನಲ್ಲಿ ಇರುವಾಗಲೇ ಇದನ್ನು ಮುಗಿಸಿದರೆ ಈ ಶಕ್ತಿ ಮನೆಯ ಮೀಟರಿನಿಂದ ಬರುತ್ತದೆ, ಬ್ಯಾಟರಿ ತುಂಬಿದ್ದು ತುಂಬಿದಂತೆಯೇ ಇರುತ್ತದೆ. ಕ್ಯಾಬಿನ್‌ಗೆ 15ರಿಂದ 20 ನಿಮಿಷ ಸಾಕು. ಬ್ಯಾಟರಿಗೂ ಬಿಸಿ ಬೇಕಿದ್ದರೆ ಅರ್ಧ ಗಂಟೆಯೋ ಅದಕ್ಕಿಂತ ಹೆಚ್ಚೋ ಬೇಕಾಗಬಹುದು.

ಸಾದಾ ಸಾಕೆಟ್ ಕೊಡುವ ಕರೆಂಟ್ ಹೀಟರ್ ಎಳೆಯುವುದಕ್ಕಿಂತ ಕಡಿಮೆ. ಆಗ ಪ್ಲಗ್ ಹಾಕಿದ್ದರೂ ಬ್ಯಾಟರಿ ಒಂದೆರಡು ಪರ್ಸೆಂಟ್ ಇಳಿಯಬಹುದು, ಗಾಬರಿ ಬೇಡ.

ಪ್ಲಗ್ ಇಲ್ಲದೆಯೇ ಮೊಬೈಲ್ ಆ್ಯಪ್‌ನಿಂದ ಬಿಸಿ ಮಾಡಿದರೆ? ಅದರಲ್ಲಿ ರೇಂಜ್ ಉಳಿತಾಯ ಇಲ್ಲ, ದಾರಿಯಲ್ಲಿ ತೆಗೆಯಬೇಕಾದದ್ದನ್ನು ನಿಂತಲ್ಲೇ ತೆಗೆದಿರಿ ಅಷ್ಟೆ. ಆದರೂ ಗಾಜು ಮಂಜುಗಟ್ಟಿದ್ದರೆ ಅಷ್ಟು ಖರ್ಚು ಮಾಡಲೇಬೇಕು. ಅಂಗೈಯಗಲ ಕೆರೆದುಕೊಂಡ ತೂತಿನಿಂದ ರಸ್ತೆ ನೋಡುತ್ತ ಹೊರಡುವುದು ಅಪಾಯ.

ಹಿಮ ಬಿದ್ದಿದ್ದರೆ ಚಾವಣಿ, ಬಾನೆಟ್, ದೀಪ, ಕ್ಯಾಮೆರಾ, ಸೆನ್ಸರ್ ಎಲ್ಲವನ್ನೂ ಒರೆಸಿ ಹೊರಡಿ. ಚಾವಣಿಯ ಹಿಮ ಗಾಳಿಯನ್ನು ತಡೆಯುತ್ತದೆ, ತೂಕ ಹೆಚ್ಚಿಸುತ್ತದೆ, ಬ್ರೇಕ್ ಹಾಕಿದಾಗ ಮುಂದಿನ ಗಾಜಿನ ಮೇಲೇ ಕುಸಿಯುತ್ತದೆ. ಗಾಜಿಗೆ ಬಿಸಿನೀರು ಸುರಿಯಬೇಡಿ, ಸೀಳು ಬಿಡುತ್ತದೆ.

ಹಂತ 4: ಟೈರಿನ ಗಾಳಿ

ತಾಪಮಾನ ಪ್ರತಿ 5-6 ಡಿಗ್ರಿ ಇಳಿದಾಗ ಟೈರಿನ ಒತ್ತಡ ಸುಮಾರು 1 ಪಿಎಸ್‌ಐ ಕುಸಿಯುತ್ತದೆ. 25 ಡಿಗ್ರಿಯಲ್ಲಿ 36 ಪಿಎಸ್‌ಐ ತುಂಬಿಸಿದ ಟೈರು ಮೈನಸ್ 5 ಡಿಗ್ರಿಯಲ್ಲಿ 31ಕ್ಕೆ ಇಳಿದಿರುತ್ತದೆ. ಪಂಕ್ಚರ್ ಆಗಿಲ್ಲ, ಏನೂ ಆಗಿಲ್ಲ. ಮೆತ್ತಗಾದ ಟೈರು ಉರುಳಲು ಹೆಚ್ಚು ಶಕ್ತಿ ಕೇಳುತ್ತದೆ. ತಿಂಗಳಿಗೆ ಎರಡು ಸಲವಾದರೂ, ಬೆಳಗ್ಗೆ ಓಡಿಸುವ ಮೊದಲೇ ನೋಡಿ, ಬಾಗಿಲಿನ ಬಳಿಯ ಚೀಟಿಯಲ್ಲಿರುವ ಮಟ್ಟಕ್ಕೆ ತುಂಬಿಸಿ.

ಹಿಮದ ರಸ್ತೆಗಳಲ್ಲಿ ಚಳಿಗಾಲದ ಟೈರುಗಳು ರೇಂಜನ್ನು ಸ್ವಲ್ಪ ತಿನ್ನುತ್ತವೆ, ನಿಜ. ಅದನ್ನು ಉಳಿಸಲು ಹೋಗಿ ಬೇಸಿಗೆ ಟೈರಿನಲ್ಲೇ ಓಡಿಸಬೇಡಿ.

ಹಂತ 5: ಓಡಿಸುವಾಗ ಗಂಟೆಯ ಖರ್ಚು ಬೇರೆ, ಕಿಲೋಮೀಟರಿನ ಖರ್ಚು ಬೇರೆ

ಚಳಿಗಾಲದ ಸಲಹೆಗಳಲ್ಲಿ ಹೆಚ್ಚಿನವು ಗೊಂದಲವಾಗುವುದು ಇಲ್ಲಿಯೇ. ಚಕ್ರ ತಿರುಗಿಸುವ ಶಕ್ತಿ ಕಿಲೋಮೀಟರಿನ ಲೆಕ್ಕದಲ್ಲಿ ಖರ್ಚಾಗುತ್ತದೆ, ಹೀಟರ್ ಗಂಟೆಯ ಲೆಕ್ಕದಲ್ಲಿ ತಿನ್ನುತ್ತದೆ. ಒಳಗೆ ಬೆಚ್ಚಗಾದ ಮೇಲೂ ಹೀಟರ್ ಸರಾಸರಿ 2 ಕಿಲೋವ್ಯಾಟ್ ಎಳೆಯುತ್ತಿದೆ ಎಂದುಕೊಳ್ಳಿ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೆದ್ದಾರಿಯಲ್ಲಿ ಹೋಗುವವರಿಗೆ 100 ಕಿಲೋಮೀಟರಿಗೆ ಬೀಳುವ ಹೀಟರ್ ಖರ್ಚು 2 ಯೂನಿಟ್. ಟ್ರಾಫಿಕ್‌ನಲ್ಲಿ ಗಂಟೆಗೆ 25 ಕಿಲೋಮೀಟರಿನಂತೆ ತೆವಳುವವರಿಗೆ ಅದೇ ದೂರಕ್ಕೆ 8 ಯೂನಿಟ್. ನಿಧಾನಕ್ಕೆ ಹೋದಷ್ಟೂ ಉಳಿತಾಯ ಎಂಬ ಬೇಸಿಗೆಯ ನಿಯಮ ಚಳಿಯಲ್ಲಿ ಪೂರ್ತಿ ನಿಲ್ಲುವುದಿಲ್ಲ.

ಊರೊಳಗಿನ ಓಡಾಟದಲ್ಲಿ ಉಳಿಸಬೇಕಾದದ್ದು ಬಿಸಿಯನ್ನು. ಸೀಟ್ ಹೀಟರ್ 50ರಿಂದ 100 ವ್ಯಾಟ್ ತೆಗೆದುಕೊಂಡು ನೇರ ಮೈಗೇ ಬಿಸಿ ಮುಟ್ಟಿಸುತ್ತದೆ. ಸ್ಟೀರಿಂಗ್ ಹೀಟರಿನ ಖರ್ಚೂ ಅಲ್ಪ. ಇವೆರಡನ್ನೂ ಹಾಕಿಕೊಂಡು ಕ್ಯಾಬಿನ್ ತಾಪಮಾನವನ್ನು 23ರಿಂದ 18-19ಕ್ಕೆ ಇಳಿಸಿದರೆ ಮೈಗೆ ವ್ಯತ್ಯಾಸ ಅಷ್ಟಾಗಿ ಗೊತ್ತಾಗದು, ಬ್ಯಾಟರಿಗೆ ಗೊತ್ತಾಗುತ್ತದೆ. ಒಬ್ಬರೇ ಇರುವಾಗ ಚಾಲಕನ ಕಡೆಗೆ ಮಾತ್ರ ಗಾಳಿ ಬಿಡುವ ಗುಂಡಿ ಇದ್ದರೆ ಒತ್ತಿ. ಒಳಗಿನ ಗಾಳಿಯನ್ನೇ ಸುತ್ತಿಸುವ ರೀಸರ್ಕ್ಯುಲೇಷನ್ ಬಿಸಿ ಉಳಿಸುತ್ತದೆ, ಆದರೆ ಉಸಿರಿನ ತೇವ ಹೊರಹೋಗದೆ ಗಾಜು ಮಸುಕಾಗುತ್ತದೆ. ಮಸುಕಾದ ಕೂಡಲೇ ಹೊರಗಾಳಿಗೆ ಬದಲಿಸಿ, ಎ.ಸಿ. ಹಾಕಿ. ಚಳಿಯಲ್ಲಿ ಎ.ಸಿ. ಏಕೆ ಎನ್ನಬೇಡಿ, ಗಾಳಿಯ ತೇವ ಹಿಂಡುವುದು ಅದೇ.

ಹೀಟರ್ ಮುಟ್ಟದೆ, ಕಂಬಳಿ ಹೊದ್ದು, ಕೈಗವಸು ಹಾಕಿಕೊಂಡು ಓಡಿಸಿ ರೇಂಜ್ ಉಳಿಸಿದೆ ಎನ್ನುವ ವೀರರೂ ಇದ್ದಾರೆ. ಕೈ ಮರಗಟ್ಟಿದ ಚಾಲಕನ ಬ್ರೇಕು ತಡವಾಗುತ್ತದೆ, ಮಸುಕಾದ ಗಾಜು ಏನನ್ನೂ ತೋರಿಸುವುದಿಲ್ಲ. ಚಾರ್ಜರ್ ಕೈಗೆಟುಕದ ತುರ್ತಿನಲ್ಲಿ ಬಿಟ್ಟರೆ ಅದು ಬೇಡ.

ಅತಿ ದುಬಾರಿ ಎಂದರೆ ಸಣ್ಣ ಸಣ್ಣ ಓಡಾಟ. ಮೂರು ಕಿಲೋಮೀಟರ್ ಹೋಗಿ, ಎರಡು ಗಂಟೆ ನಿಲ್ಲಿಸಿ, ಮತ್ತೆ ಮೂರು ಕಿಲೋಮೀಟರ್ ಬಂದರೆ ಪ್ರತಿ ಸಲವೂ ಕ್ಯಾಬಿನ್ನನ್ನು ಮೊದಲಿನಿಂದ ಬಿಸಿಮಾಡಬೇಕು. ಮೀಟರಿನಲ್ಲಿ 100 ಕಿಲೋಮೀಟರಿಗೆ 35-40 ಯೂನಿಟ್ ಎಂದು ಕಾಣಿಸಿದರೆ ಕಾರು ಕೆಟ್ಟಿಲ್ಲ, ಇದೇ ಕಾರಣ. ನಾಲ್ಕು ಕೆಲಸಗಳನ್ನು ಒಂದೇ ಸುತ್ತಿನಲ್ಲಿ ಮುಗಿಸಿ, ದೂರದ್ದನ್ನು ಮೊದಲು ಇಟ್ಟುಕೊಳ್ಳಿ. ಒಮ್ಮೆ ಚೆನ್ನಾಗಿ ಬಿಸಿಯಾದ ಕಾರು ನಡುವಿನ ಸಣ್ಣ ನಿಲುಗಡೆಗಳಲ್ಲಿ ಪೂರ್ತಿ ತಣ್ಣಗಾಗುವುದಿಲ್ಲ.

ಹೆದ್ದಾರಿಯಲ್ಲಿ ಕತೆ ಬೇರೆ. ಅಲ್ಲಿ ಶತ್ರು ಗಾಳಿ. ಗಾಳಿಯ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 120ರಿಂದ 100ಕ್ಕೆ ಇಳಿದರೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ಪ್ರತಿ ಕಿಲೋಮೀಟರಿಗೆ ಶೇ 30ರಷ್ಟು ತಗ್ಗುತ್ತದೆ. ಮೈನಸ್ 10 ಡಿಗ್ರಿಯ ಗಾಳಿ 20 ಡಿಗ್ರಿಯ ಗಾಳಿಗಿಂತ ಶೇ 10ಕ್ಕೂ ಹೆಚ್ಚು ದಟ್ಟ. ಹಾಗಾಗಿ ಹೀಟರ್ ಹಾಕದಿದ್ದರೂ ಚಳಿಯಲ್ಲಿ ಖರ್ಚು ಹೆಚ್ಚು. ಗಂಟೆಗೆ 30 ಕಿಲೋಮೀಟರಿನ ಎದುರುಗಾಳಿ ಇದ್ದರೆ 100ರಲ್ಲಿ ಹೋಗುವ ಕಾರು 130ರ ಎಳೆತವನ್ನೇ ಎದುರಿಸುತ್ತದೆ. ರಸ್ತೆ ಮೇಲಿನ ನೀರು, ಕೆಸರಾದ ಹಿಮ ಚಕ್ರವನ್ನು ಇನ್ನಷ್ಟು ಹಿಡಿಯುತ್ತವೆ. ಖಾಲಿ ರೂಫ್ ಬಾಕ್ಸ್, ಸೈಕಲ್ ಕ್ಯಾರಿಯರ್ ಇದ್ದರೆ ಬಿಚ್ಚಿಡಿ.

ಬ್ರೇಕಿನ ಬಗ್ಗೆ ಒಂದು ಎಚ್ಚರಿಕೆ. ಬ್ಯಾಟರಿ ತಣ್ಣಗಿರುವಾಗ ಕಾರು ರೀಜೆನ್ ಅನ್ನು, ಅಂದರೆ ನಿಧಾನವಾಗುವಾಗ ಮೋಟಾರು ಕರೆಂಟ್ ಹುಟ್ಟಿಸಿ ಬ್ಯಾಟರಿಗೆ ಮರಳಿಸುವುದನ್ನು, ಕಡಿತಗೊಳಿಸುತ್ತದೆ, ಏಕೆಂದರೆ ರೀಜೆನ್ ಎಂದರೂ ಚಾರ್ಜಿಂಗೇ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಕಾರು ತಾನೇ ನಿಧಾನವಾಗುತ್ತದೆ ಎಂಬ ಅಭ್ಯಾಸದವರಿಗೆ ಮೊದಲ ಕೆಲವು ಕಿಲೋಮೀಟರ್‌ಗಳಲ್ಲಿ ಕಾರು ಜಾರಿ ಮುಂದೆ ಹೋದಂತೆ ಅನ್ನಿಸಬಹುದು. ಮುಂದಿನ ವಾಹನದಿಂದ ಹೆಚ್ಚು ಅಂತರ ಇಟ್ಟುಕೊಳ್ಳಿ. ಬ್ಯಾಟರಿ ಬೆಚ್ಚಗಾದಂತೆ ರೀಜೆನ್ ಮರಳುತ್ತದೆ. ನುಣುಪು ಹಿಮದ ರಸ್ತೆಯಲ್ಲಿ ಮಾತ್ರ ಅದನ್ನು ಕಡಿಮೆ ಮಟ್ಟಕ್ಕೆ ಇಟ್ಟರೆ ಚಕ್ರ ಜಾರುವ ಅಪಾಯ ತಗ್ಗುತ್ತದೆ.

ಹಂತ 6: ಪರದೆಯ ಕಿಲೋಮೀಟರ್ ನಂಬದೆ ನೀವೇ ಲೆಕ್ಕ ಹಾಕಿ

ಕಂಪನಿ ಹೇಳುವ ರೇಂಜ್ ಹುಟ್ಟುವುದು ಪ್ರಯೋಗಾಲಯದಲ್ಲಿ. ಯುರೋಪಿನ ಡಬ್ಲ್ಯುಎಲ್‌ಟಿಪಿ ಪರೀಕ್ಷೆ ನಡೆಯುವುದು 23 ಡಿಗ್ರಿಯಲ್ಲಿ, ಹೀಟರ್ ಹಾಕದೆ. ಪರದೆಯಲ್ಲಿ ಕಾಣುವ ಅಂಕಿಯೂ ಬಹುತೇಕ ನಿಮ್ಮ ಇತ್ತೀಚಿನ ಓಡಾಟ ನೋಡಿ ಮಾಡಿದ ಅಂದಾಜು. ನಿನ್ನೆ ಬಿಸಿಲಲ್ಲಿ ಓಡಿಸಿದ್ದರೆ ಇಂದು ಅದು ಸುಳ್ಳಾಗಬಹುದು.

ಪರ್ಸೆಂಟ್ ಮತ್ತು ಸರಾಸರಿ ಬಳಕೆ, ಈ ಎರಡನ್ನೇ ನೋಡಿ. ಬ್ಯಾಟರಿಯಲ್ಲಿ ಬಳಸಲು ಸಿಗುವುದು 60 ಯೂನಿಟ್, ಚಳಿಯ ಹೆದ್ದಾರಿ ಬಳಕೆ 100 ಕಿಲೋಮೀಟರಿಗೆ 22 ಯೂನಿಟ್ ಎಂದಿಟ್ಟುಕೊಳ್ಳಿ. ಪೂರ್ತಿ ಖಾಲಿ ಮಾಡಿದರೆ ಸುಮಾರು 270 ಕಿಲೋಮೀಟರ್. ಆದರೆ ದೂರಪ್ರಯಾಣದ ನಡುವೆ ಶೇ 80ರವರೆಗೆ ತುಂಬಿಸಿ ಶೇ 10ಕ್ಕೆ ಬರುವವರೆಗೆ ಓಡಿಸುವುದಾದರೆ ಕೈಯಲ್ಲಿರುವುದು 42 ಯೂನಿಟ್, ಅಂದರೆ 190 ಕಿಲೋಮೀಟರ್. ಎರಡು ಚಾರ್ಜಿಂಗ್ ನಿಲುಗಡೆಗಳ ನಡುವಿನ ದೂರವನ್ನು ಇದಕ್ಕಿಂತ ಕಡಿಮೆಯೇ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಶೇ 5ಕ್ಕೆ ಚಾರ್ಜರ್ ತಲುಪುವ ಧೈರ್ಯಸ್ಥರೂ ಚಳಿಯಲ್ಲಿ ಶೇ 15 ಉಳಿಸಿಕೊಂಡು ತಲುಪುವುದು ಲೇಸು. ಚಾರ್ಜರ್ ಕೆಟ್ಟಿರಬಹುದು, ಮುಂದೆ ಸಾಲು ಇರಬಹುದು.

ಹಂತ 7: ಫಾಸ್ಟ್ ಚಾರ್ಜರ್‌ಗೆ ಬಿಸಿ ಬ್ಯಾಟರಿಯೊಂದಿಗೆ ಹೋಗಿ

ಬ್ಯಾಟರಿಯೊಳಗಿನ ದ್ರವದಲ್ಲಿ ಲಿಥಿಯಂ ಅಯಾನುಗಳ ಓಡಾಟ ಚಳಿಗೆ ಮಂದವಾಗುತ್ತದೆ. ಆ ಸ್ಥಿತಿಯಲ್ಲಿ ಬಲವಂತವಾಗಿ ಕರೆಂಟ್ ನುಗ್ಗಿಸಿದರೆ ಲಿಥಿಯಂ ಎಲೆಕ್ಟ್ರೋಡಿನ ಒಳಗೆ ಸೇರುವ ಬದಲು ಅದರ ಮೇಲೆ ಲೋಹವಾಗಿ ಕೂತುಬಿಡುತ್ತದೆ. ಅದು ಬ್ಯಾಟರಿಗೆ ಶಾಶ್ವತ ಪೆಟ್ಟು. ಅದನ್ನು ತಪ್ಪಿಸಲೆಂದೇ ಕಾರು ಚಾರ್ಜಿಂಗ್ ವೇಗ ಇಳಿಸುತ್ತದೆ. 150 ಕಿಲೋವ್ಯಾಟ್ ಚಾರ್ಜರ್ 40 ಮಾತ್ರ ಕೊಡುತ್ತಿದ್ದರೆ ಬಹಳ ಸಲ ತಪ್ಪು ಚಾರ್ಜರಿನದಲ್ಲ.

ಪರಿಹಾರ: ಕಾರಿನ ನ್ಯಾವಿಗೇಷನ್‌ನಲ್ಲೇ ಚಾರ್ಜಿಂಗ್ ಸ್ಟೇಷನ್ನನ್ನು ಗುರಿಯಾಗಿ ಹಾಕಿ. ಹಲವು ಕಾರುಗಳು ಆಗ ದಾರಿಯಲ್ಲೇ ಬ್ಯಾಟರಿ ಬಿಸಿಮಾಡಿಕೊಳ್ಳುತ್ತವೆ. ಮೊಬೈಲಿನ ಮ್ಯಾಪ್ ನೋಡಿಕೊಂಡು ಹೋದರೆ ಈ ವಿಷಯ ಕಾರಿಗೆ ಗೊತ್ತಾಗುವುದೇ ಇಲ್ಲ. ಈ ಸೌಲಭ್ಯ ಇಲ್ಲದ ಕಾರಾದರೆ ಹೆದ್ದಾರಿಯಲ್ಲಿ ಒಂದೆರಡು ಗಂಟೆ ಓಡಿಸಿದ ಮೇಲೆ ಚಾರ್ಜ್‌ಗೆ ನಿಲ್ಲಿ. ರಾತ್ರಿ ತಂಗುವ ಊರು ತಲುಪಿದ ತಕ್ಷಣ ಚಾರ್ಜ್ ಮಾಡಿ, ಮರುದಿನ ಹೊರಡುವಾಗಿನ ಮೊದಲ ಕೆಲಸವಾಗಿ ಇಟ್ಟುಕೊಳ್ಳಬೇಡಿ.

ಹಂತ 8: ನಿಲ್ಲಿಸಿದ ಮೇಲೂ ಸೋರಿಕೆ ಇದೆ

ಸುತ್ತಲಿನದನ್ನು ಕ್ಯಾಮೆರಾದಲ್ಲಿ ಕಾಯುವ ಕಾವಲು ಮೋಡ್ ರಾತ್ರಿಯೆಲ್ಲ ನೂರಾರು ವ್ಯಾಟ್ ಎಳೆಯಬಲ್ಲದು. ಭದ್ರ ಜಾಗದಲ್ಲಿದ್ದರೆ ಆಫ್ ಮಾಡಿ. ಗಳಿಗೆಗೊಮ್ಮೆ ಆ್ಯಪ್ ತೆರೆದು ಚಾರ್ಜ್ ಎಷ್ಟಿದೆ ಎಂದು ನೋಡುವುದೂ ಮಲಗಿದ ಕಾರನ್ನು ಎಬ್ಬಿಸುತ್ತದೆ. ಬೆಳಗ್ಗೆ ಚಾರ್ಜ್ ಕಡಿಮೆ ಕಂಡರೂ ಎಲ್ಲವೂ ಸೋರಿಹೋಗಿದೆ ಎಂದಲ್ಲ. ತಣ್ಣಗಿನ ಬ್ಯಾಟರಿಯಲ್ಲಿ ಸ್ವಲ್ಪ ಭಾಗ ತಾತ್ಕಾಲಿಕವಾಗಿ ಸಿಗುವುದಿಲ್ಲ, ಬಿಸಿಯಾದ ಮೇಲೆ ಮರಳುತ್ತದೆ. ಕೆಲವು ಕಾರುಗಳು ಇದಕ್ಕೆ ಪರದೆಯಲ್ಲಿ ಹಿಮದ ಹರಳಿನ ಗುರುತು ತೋರಿಸುತ್ತವೆ. ಹಲವು ದಿನ ಬಿಟ್ಟು ಹೋಗುವುದಾದರೆ ಪ್ಲಗ್ ಹಾಕಿಡಿ, ಅದಾಗದಿದ್ದರೆ ಅರ್ಧದಷ್ಟಾದರೂ ಚಾರ್ಜ್ ಇರಲಿ. ಕಾರು ಹಳೆಯದಾಗಿದ್ದರೆ ಚಳಿಗೆ ಮೊದಲೇ 12 ವೋಲ್ಟ್ ಬ್ಯಾಟರಿಯನ್ನೂ ಪರೀಕ್ಷಿಸಿ. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಏಳುವುದಿಲ್ಲ.

ಹಿಮದಲ್ಲಿ ಸಿಕ್ಕಿಕೊಂಡರೆ

ಹೊಸಬರ ದೊಡ್ಡ ಭಯ ಇದು. ಲೆಕ್ಕ ನೋಡಿ: 60 ಯೂನಿಟ್ ಬ್ಯಾಟರಿಯಲ್ಲಿ ಅರ್ಧ ಉಳಿದಿದ್ದರೆ 30 ಯೂನಿಟ್. ನಿಂತ ಕಾರನ್ನು ಬೆಚ್ಚಗಿಡಲು ಗಂಟೆಗೆ 2 ಯೂನಿಟ್ ಖರ್ಚಾದರೂ 15 ಗಂಟೆ ಸಾಗುತ್ತದೆ. ತಾಪಮಾನವನ್ನು 16ಕ್ಕಿಳಿಸಿ ಸೀಟ್ ಹೀಟರ್ ಹಾಕಿಕೊಂಡರೆ ಇನ್ನೂ ಹೆಚ್ಚು. ಪೆಟ್ರೋಲ್ ಕಾರಿನ ಸೈಲೆನ್ಸರ್ ಹಿಮದಲ್ಲಿ ಹೂತುಹೋದರೆ ವಿಷಗಾಳಿ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬಿಕೊಳ್ಳುವ ಅಪಾಯವಿದೆ. ಎಲೆಕ್ಟ್ರಿಕ್ ಕಾರಿನಲ್ಲಿ ಹೊಗೆಯೇ ಇಲ್ಲ. ಹೊಸ ಕಾರುಗಳಲ್ಲಿ ಹತ್ತರಲ್ಲಿ ಒಂಬತ್ತರಷ್ಟು ಎಲೆಕ್ಟ್ರಿಕ್ ಆಗಿದ್ದ 2024ರ ನಾರ್ವೆಯ ಚಳಿಗಿಂತ ನಮ್ಮದು ಕಠಿಣವಿರುವುದು ಅಪರೂಪ. ಹಿಮ ಬೀಳುವ ಮುನ್ಸೂಚನೆ ಇರುವ ದಾರಿಗೆ ಶೇ 50ಕ್ಕಿಂತ ಕಡಿಮೆ ಚಾರ್ಜ್ ಇಟ್ಟುಕೊಂಡು ಇಳಿಯಬೇಡಿ. ಕಂಬಳಿ, ಕುಡಿಯುವ ನೀರು, ಟಾರ್ಚ್, ಗುದ್ದಲಿ ಡಿಕ್ಕಿಯಲ್ಲಿರಲಿ. ಕಾರು ನಿಂತೇಬಿಟ್ಟರೆ ಮೊಬೈಲನ್ನು ಕಾರಿಗೇ ಚಾರ್ಜ್‌ಗೆ ಹಾಕಿ, ನೆರವಿಗೆ ಕರೆ ಮಾಡಿ, ಒಳಗೇ ಇರಿ.